ಊರಿನ ನಕ್ಷೆ ಹಂಚುವ ಮುನ್ನ ಹಕ್ಕು ನೋಡಿಕೊಳ್ಳಿ

ಜನರೇ ಸೇರಿ ಬರೆಯುವ ಅಂತರ್ಜಾಲ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಿಮ್ಮೂರಿನ ಕೆರೆ, ಅರಳಿಕಟ್ಟೆ, ಬಸ್ ಸ್ಟಾಪು ಸೇರಿಸಲು ಹೊರಟಿದ್ದೀರಾ? ಒಳ್ಳೆಯ ಕೆಲಸ. ಆದರೆ ಎಲ್ಲರಿಗೂ ಮುಕ್ತ ಎಂದಮಾತ್ರಕ್ಕೆ ಅದು ವಾರಸುದಾರರಿಲ್ಲದ ಆಸ್ತಿಯಲ್ಲ.

ಮೊದಲು ಮಾಹಿತಿ ಎಲ್ಲಿಂದ ಬಂತೆಂದು ನೋಡಿ. ನೀವೇ ನಡೆದು ಕಂಡದ್ದು, ಫಲಕದಲ್ಲಿ ಓದಿದ್ದು, ನಿಮ್ಮ ಜಿಪಿಎಸ್ ದಾಖಲಿಸಿದ್ದು ಧಾರಾಳವಾಗಿ ಸೇರಿಸಿ. ಗೂಗಲ್ ಮ್ಯಾಪ್ಸ್ ನೋಡಿಕೊಂಡು ಒಂದು ಬೀದಿಯ ಹೆಸರನ್ನೂ ಇಳಿಸಬೇಡಿ. ನಕಲು ಸಿಕ್ಕಿಬೀಳುವುದಿಲ್ಲ ಎಂದುಕೊಳ್ಳಬೇಡಿ. ಬ್ರಿಟನ್ನಿನ ವಾಹನ ಸವಾರರ ಸಂಸ್ಥೆ ಆಟೊಮೊಬೈಲ್ ಅಸೋಸಿಯೇಷನ್, ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೇಯ ನಕ್ಷೆ ನಕಲು ಮಾಡಿದ ಪ್ರಕರಣದಲ್ಲಿ 2001ರಲ್ಲಿ 2 ಕೋಟಿ ಪೌಂಡ್ ಕೊಟ್ಟು ರಾಜಿಯಾಯಿತು. ರಸ್ತೆಯ ಅಗಲ ಬರೆದ ರೀತಿಯಂಥ ಸಣ್ಣ ಗುರುತುಗಳೇ ಅಲ್ಲಿ ಸಾಕ್ಷಿಯಾದವು. ಸರ್ಕಾರಿ ದತ್ತಾಂಶವಾದರೆ ಅದರ ಪರವಾನಗಿ ಓದಿ; ಜಾಲತಾಣದಲ್ಲಿ ಸಿಕ್ಕಿತೆಂಬುದು ಅನುಮತಿಯಲ್ಲ.

ಬದಲಾವಣೆ ಉಳಿಸುವಾಗ ಕೆಳಗಡೆ ಮೂಲ ಕೇಳುವ ಖಾನೆಯೊಂದಿರುತ್ತದೆ. ಅದನ್ನು ಖಾಲಿ ಬಿಡಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ‘ಸ್ಥಳದಲ್ಲೇ ನೋಡಿದ್ದು, ಬಸ್ ನಿಲ್ದಾಣದ ಫಲಕ’ ಎಂದಿಷ್ಟು ಬರೆದರೆ ಸಾಕು. ಐದು ವರ್ಷದ ಮೇಲೆ ಯಾರಾದರೂ ತಕರಾರು ತೆಗೆದರೆ ಆ ಒಂದು ಸಾಲೇ ನಿಮ್ಮ ಕೆರೆಯನ್ನು ನಕ್ಷೆಯಲ್ಲಿ ಉಳಿಸುತ್ತದೆ.

ಖಾತೆ ತೆರೆಯುವಾಗಿನ ಷರತ್ತುಗಳನ್ನೂ ಓದಿ. ನಿಮ್ಮ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ, ಬಳಸಿ ಹಂಚುವ ಅನುಮತಿಯನ್ನಷ್ಟೇ ಈ ನಕ್ಷೆಯನ್ನು ನೋಡಿಕೊಳ್ಳುವ ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್‌ಗೆ ಕೊಡುತ್ತೀರಿ. 2012ರ ಸೆಪ್ಟೆಂಬರ್‌ನಲ್ಲಿ ಈ ನಕ್ಷೆ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಿಂದ ಒಡಿಬಿಎಲ್‌ಗೆ, ಅಂದರೆ ದತ್ತಾಂಶ ಹಂಚಲೆಂದೇ ಬರೆದ ‘ಓಪನ್ ಡೇಟಾಬೇಸ್ ಲೈಸೆನ್ಸ್’ ಪರವಾನಗಿಗೆ ಬಂತು. ಅದಕ್ಕೆ ಮುಂಚೆ, ಹೊಸ ಷರತ್ತು ಒಪ್ಪದವರು ಸೇರಿಸಿದ್ದನ್ನು ತೆಗೆಯಬೇಕಾಯಿತು.

ಇನ್ನು ಬಳಸುವ ಮಾತು. ಜಾತ್ರೆಗೆ ದಾರಿ ತೋರಿಸುವ ನಕ್ಷೆ ಅಚ್ಚು ಹಾಕಿಸುತ್ತೀರಿ ಅನ್ನಿ. ಮೂಲೆಯಲ್ಲಿ ‘© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು’ ಎಂದು ಓದಲಾಗುವಂತೆ ಹಾಕಿ, ದತ್ತಾಂಶ ಒಡಿಬಿಎಲ್‌ನಲ್ಲಿದೆ ಎಂದೂ ತಿಳಿಸಿ. ಆ ಚಿತ್ರವನ್ನು ಮಾರಲೂಬಹುದು. ಆದರೆ ಅದೇ ದತ್ತಾಂಶವನ್ನು ತಿದ್ದಿ, ಬೋರ್‌ವೆಲ್‌ಗಳನ್ನು ಅದರೊಳಗೇ ಬೆರೆಸಿ ಸಾರ್ವಜನಿಕವಾಗಿ ಬಳಸಿದರೆ, ಹಾಗೆ ತಿದ್ದಿದ ದತ್ತಾಂಶವನ್ನೂ ಒಡಿಬಿಎಲ್ ಅಡಿಯಲ್ಲೇ ಕೇಳಿದವರಿಗೆ ಕೊಡಬೇಕು. ಮನೆಯವರ ಹೆಸರು, ಫೋನ್ ನಂಬರಿನಂಥ ಖಾಸಗಿ ಪಟ್ಟಿಯಿದ್ದರೆ ಮೊದಲ ದಿನದಿಂದಲೇ ಬೇರೆ ಕಡತದಲ್ಲಿಡಿ. ಒಮ್ಮೆ ಬೆರೆತದ್ದನ್ನು ಬಿಡಿಸುವುದು ಬಲು ಕಷ್ಟ.