ಸ್ವಿಚ್ ಇಲ್ಲದ ಯಂತ್ರ: ಗೋದಾಮಿನ ಇಳಿಜಾರು ರ‍್ಯಾಕ್ ಬಳಸುವುದು ಹೇಗೆ?

ಚಿಕ್ಕಮಗಳೂರು, ಹಾಸನದ ಕಾಫಿ ಗೋದಾಮುಗಳಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಬಂದಿರುತ್ತದೆ. ಮೊದಲು ಬಂದ ಮಾಲು ಮೊದಲು ಹೊರಡಬೇಕು, ಜಾಗವೂ ಉಳಿಯಬೇಕು ಎನ್ನುವವರಿಗೆ ಇಳಿಜಾರು ರೋಲರ್ ರ‍್ಯಾಕ್ ಒಳ್ಳೆಯದೇ. ಹಿಂದಿನಿಂದ ಪ್ಯಾಲೆಟ್ (ಚೀಲ ಹೇರುವ ಮರದ ಅಡಿಮಣೆ) ಇಟ್ಟರೆ ತನ್ನ ಭಾರಕ್ಕೆ ತಾನೇ ಜಾರಿ ಮುಂದೆ ಬಂದು ನಿಲ್ಲುತ್ತದೆ. ಮೋಟಾರ್ ಇಲ್ಲ, ಕರೆಂಟ್ ಬಿಲ್ ಇಲ್ಲ. ಆಫ್ ಮಾಡುವ ಸ್ವಿಚ್ಚೂ ಇಲ್ಲ. ತೊಂದರೆ ಇರುವುದು ಅಲ್ಲೇ.

ಲೆಕ್ಕ ಹೀಗಿದೆ. ಲೇನ್‌ನ, ಅಂದರೆ ಪ್ಯಾಲೆಟ್ ಜಾರುವ ರೋಲರ್ ಸಾಲಿನ, ಇಳಿಜಾರು ಸಾಮಾನ್ಯವಾಗಿ ಮೀಟರಿಗೆ 4 ಸೆಂ.ಮೀ. ಆಸುಪಾಸು. 50 ಕಿಲೋದ 20 ಚೀಲ ಹೇರಿದ ಪ್ಯಾಲೆಟ್ ಒಂದು ಟನ್ ತೂಗುತ್ತದೆ. ಅದು ಮುಂದಿನದನ್ನು ಹೆಚ್ಚೆಂದರೆ 40 ಕಿಲೋ ಬಲದಲ್ಲಿ ಒತ್ತುತ್ತದೆ. ಹತ್ತು ಸಾಲಾಗಿ ನಿಂತರೆ ಅದೇ 400 ಕಿಲೋ. ರೋಲರ್‌ಗಳ ಘರ್ಷಣೆ ಸ್ವಲ್ಪ ತಿನ್ನುತ್ತದೆ, ಉಳಿದದ್ದನ್ನೆಲ್ಲ ಮುಂತುದಿಯಲ್ಲಿ ಪ್ಯಾಲೆಟ್ ತಡೆಯುವ ಸ್ಟಾಪರ್ ಹೊರಬೇಕು. 12 ಮೀಟರ್ ಲೇನ್‌ನಲ್ಲಿ ವೇಗ ತಗ್ಗಿಸುವ ಬ್ರೇಕ್ ರೋಲರ್ ಕೆಲಸ ಮಾಡದೆ, ಘರ್ಷಣೆ ಅರ್ಧ ಶಕ್ತಿ ನುಂಗಿದರೂ ಒಂದು ಟನ್ ಭಾರ ತುದಿಗೆ ಬರುವಾಗ ವೇಗ ಗಂಟೆಗೆ 7–8 ಕಿ.ಮೀ. ಮುಟ್ಟಿರುತ್ತದೆ. ಬ್ರೇಕ್ ಸರಿಯಿದ್ದರೆ ಸೆಕೆಂಡಿಗೆ ಸುಮಾರು 30 ಸೆಂ.ಮೀ. ಅಷ್ಟೆ.

ಶುರು ಮಾಡಬೇಕಾದ್ದು ಪ್ಯಾಲೆಟ್‌ನಿಂದ

ರ‍್ಯಾಕ್‌ಗೆ ಲಕ್ಷ ಲಕ್ಷ ಸುರಿದು ಹಳೇ ಪ್ಯಾಲೆಟ್ ಉಪಯೋಗಿಸುವವರೇ ಹೆಚ್ಚು. ಒಳಗೆ ಬಿಡುವ ಮುನ್ನ ಪ್ರತಿ ಪ್ಯಾಲೆಟ್‌ನ ತಳ ನೋಡಿ. ಕೆಳಗಿನ ಹಲಗೆ ಜಾರುವ ದಿಕ್ಕಿಗೆ ಉದ್ದುದ್ದವಾಗಿರಬೇಕು, ಅಂದರೆ ರೋಲರ್‌ಗೆ ಅಡ್ಡವಾಗಿ ಕೂರಬೇಕು. ತಿರುಗಿಸಿ ಇಟ್ಟರೆ ಹಲಗೆಗಳ ನಡುವಿನ ಸಂದಿ ರೋಲರ್ ಮೇಲೆ ಕುಕ್ಕರಿಸುತ್ತದೆ. ಸೀಳಿದ ಹಲಗೆ, ತಲೆ ಎತ್ತಿದ ಮೊಳೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಮರ, ಇವನ್ನು ಪಕ್ಕಕ್ಕಿಡಿ. ಗೋಣಿಚೀಲದ ಬಾಯಿಂದ ಜೋತುಬಿದ್ದ ಸುತಲಿ ಸಣ್ಣ ವಿಷಯವೆನಿಸಬಹುದು. ಅದು ರೋಲರ್‌ನ ತುದಿಗೆ ಸುತ್ತಿಕೊಂಡು, ಮೇಲೆ ಕಾಫಿ ಹೊಟ್ಟಿನ ಧೂಳು ಮೆತ್ತಿ, ಕೆಲವೇ ವಾರಗಳಲ್ಲಿ ರೋಲರ್ ತಿರುಗದಂತಾಗುತ್ತದೆ. ಹೇರುವಾಗಲೇ ಕತ್ತರಿಸಿ.

ಚೀಲಗಳನ್ನು ಸಾಲು ಬಿಟ್ಟು ಸಾಲು ದಿಕ್ಕು ಬದಲಿಸಿ ಹೆಣೆದಂತೆ ಜೋಡಿಸಿ. ಯಾವ ಚೀಲದ ಹೊಟ್ಟೆಯೂ ಪ್ಯಾಲೆಟ್‌ನ ಅಂಚು ದಾಟಬಾರದು. ದಾಟಿದರೆ ಕಂಬಕ್ಕೆ ಉಜ್ಜುತ್ತದೆ. ಬಿಗಿಯಲು ಪಟ್ಟಿಯೋ ಬಲೆಯೋ ಸಾಕು. ಪ್ಲಾಸ್ಟಿಕ್ ಹಾಳೆ ಪೂರ್ತಿ ಸುತ್ತಿದರೆ ಕಾಫಿ ಬೆವರುತ್ತದೆ. ಒಂದೇ ಲೇನ್‌ಗೆ 300 ಕಿಲೋದ ಅರೆ ಪ್ಯಾಲೆಟ್ ಮತ್ತು ಒಂದು ಟನ್‌ನದು ಬೆರೆಸಬೇಡಿ. ಭಾರಕ್ಕೆ ಹೊಂದಿಸಿದ ಬ್ರೇಕ್ ಮೇಲೆ ಹಗುರವಾದದ್ದು ನಡುವೆಯೇ ನಿಂತುಬಿಡುತ್ತದೆ.

ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಹೇಳಬೇಕಾದ್ದು ಎರಡು ಮಾತು. ಹಿಂದುಗಡೆ ಪ್ಯಾಲೆಟ್ ನೇರವಾಗಿ, ಮೆಲ್ಲಗೆ ಇಳಿಸಿ, ತಳ್ಳಬೇಡಿ. ಮುಂದುಗಡೆ ಪ್ಯಾಲೆಟ್ಟನ್ನು ಸ್ಟಾಪರ್‌ಗಿಂತ ಮೇಲಕ್ಕೆ ಎತ್ತಿ, ನೇರವಾಗಿ, ನಿಧಾನ ಹಿಂದೆ ಬನ್ನಿ.

ಪ್ಯಾಲೆಟ್ ಸಿಕ್ಕಿಕೊಂಡಾಗ

ಅಪಾಯದ ಗಳಿಗೆ ಇದು. ಲಾರಿ ಹೊರಗೆ ಕಾಯುತ್ತಿರುತ್ತದೆ, ಹಮಾಲಿಯೊಬ್ಬರು 'ನಾನು ನೋಡ್ತೀನಿ ಸಾರ್' ಎಂದು ರೋಲರ್ ಮೇಲೆ ಹತ್ತುತ್ತಾರೆ. ಕಾಲಡಿಯ ರೋಲರ್ ತಿರುಗುತ್ತದೆ. ಇಳಿಜಾರಿನ ಮೇಲ್ಬದಿಯ ಪ್ಯಾಲೆಟ್ ಸಾಲು ಎದೆಯ ಎತ್ತರದಲ್ಲಿ ಕಾದಿರುತ್ತದೆ. ಮುಂದಿನ ಪ್ಯಾಲೆಟ್‌ಗೆ ಫೋರ್ಕ್‌ನಿಂದ ಗುದ್ದಿ ಅಲುಗಿಸುವ ಚಾಳಿಯೂ ಉಂಟು. ಸಿಕ್ಕು ಬಿಡಿಸಿಕೊಂಡಿತೆಂದರೆ ಹಿಂದಿನವು ಅಷ್ಟೂ ಒಟ್ಟಿಗೆ ಸ್ಟಾಪರ್‌ಗೆ ಬಡಿಯುತ್ತವೆ.

ಮೊದಲು ಎರಡೂ ತುದಿಯಲ್ಲಿ ಕೆಲಸ ನಿಲ್ಲಿಸಿ, 'ಲೇನ್ ಬಂದ್' ಬೋರ್ಡ್ ಇಡಿ. ಫೋರ್ಕ್‌ಲಿಫ್ಟ್ ಕೀ ಯಾರು ಒಳಗೆ ಹೋಗುತ್ತಾರೋ ಅವರ ಜೇಬಿನಲ್ಲೇ ಇರಬೇಕು. ಗಾಡಿ ಬೇಕಾದಾಗ ಅವರು ಹೊರಗೆ ಬಂದು ಕೊಡಲಿ. ಆಮೇಲೆ ಸಿಕ್ಕಿದ್ದರ ಹಿಂದೆ ಒತ್ತಿ ನಿಂತವುಗಳಲ್ಲಿ ಫೋರ್ಕ್‌ಲಿಫ್ಟ್‌ಗೆ ಎಟುಕುವಷ್ಟನ್ನು ಹಿಂತುದಿಯಿಂದ ಒಂದೊಂದಾಗಿ ತೆಗೆಯಿರಿ. ಉಳಿದವನ್ನು ಲೇನ್‌ಗೆ ಅಡ್ಡ ತಡೆ ಕೊಟ್ಟು ಕಟ್ಟಿಹಾಕಿದ ಮೇಲೆಯೇ, ತರಬೇತಿ ಪಡೆದವರು, ನಡೆಯಲು ಹಾಕಿದ ಹಲಗೆಯ ಮೇಲೆ, ಸುರಕ್ಷತಾ ಬೆಲ್ಟನ್ನು ಗಟ್ಟಿ ಆಧಾರಕ್ಕೆ ಕೊಕ್ಕೆ ಹಾಕಿ ಹೋಗಬೇಕು. ಸಿಕ್ಕ ಪ್ಯಾಲೆಟ್‌ನ ಇಳಿಜಾರಿನ ಬದಿಗೆ ಯಾರೂ ನಿಲ್ಲುವಂತಿಲ್ಲ, ಮಾಲೀಕರೂ ಸಹ. ಅರ್ಧ ದಿನ ಹೋಗುತ್ತದೆ. ಹೋಗಲಿ.

ಬಿಡಿಸಿದ ಪ್ಯಾಲೆಟ್ ಮತ್ತೆ ಅದೇ ಲೇನ್‌ಗೆ ಹಾಕಬೇಡಿ. ಅದೇ ರೋಲರ್ ಹತ್ತಿರ ಎರಡನೇ ಸಲ ಸಿಕ್ಕಿದರೆ ದೋಷ ರೋಲರ್‌ನದ್ದು.

ಸುಗ್ಗಿಗೆ ಮುಂಚೆ ತಪಾಸಣೆ

ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ, ರ‍್ಯಾಕ್ ಖಾಲಿ ಇರುವಾಗ ಮಾಡಿ. ಮಣ್ಣು ತುಂಬಿಸಿ ಎತ್ತರಿಸಿದ ನೆಲ ಎರಡು ಮಳೆಗಾಲದಲ್ಲಿ ಕುಸಿದರೆ ಇಳಿಜಾರೂ ಬದಲಾಗುತ್ತದೆ. ಅಳೆಯಲು ಗಾರೆ ಕೆಲಸದವರ ನೀರಿನ ಟ್ಯೂಬ್ ಲೆವೆಲ್ ಸಾಕು. ಎರಡೂ ತುದಿಯಲ್ಲಿ ನೀರಿನ ಮಟ್ಟದಿಂದ ರೋಲರ್‌ನ ತಲೆಗೆ ಅಳೆದು ಕಳೆಯಿರಿ: 12 ಮೀಟರಿಗೆ 48 ಸೆಂ.ಮೀ. ಎಂದು ಕೂರಿಸಿದ್ದರೆ ಅಷ್ಟೇ ಬರಬೇಕು. ಎಡ, ಬಲ ಹಳಿಗಳ ಮಟ್ಟವೂ ನೋಡಿ. ಒಂದು ಬದಿ ತಗ್ಗಾದರೆ ಪ್ಯಾಲೆಟ್ ಅತ್ತಲೇ ಓರೆಯಾಗಿ ಉಜ್ಜಿ ನಿಲ್ಲುತ್ತದೆ.

ಕಂಬಗಳಿಗೆ ಒಂದು ಮೀಟರ್ ನೇರ ಪಟ್ಟಿ ಒತ್ತಿ ಹಿಡಿದು ಬಾಗು ಅಳೆಯಿರಿ. ಪ್ಯಾಲೆಟ್ ರ‍್ಯಾಕ್‌ಗಳಿಗೆ ಯುರೋಪಿನ ಇಎನ್ 15635 ಮಾನದಂಡ ಹೇಳುವ ಮಿತಿ: ತೊಲೆಯ ದಿಕ್ಕಿಗೆ 5 ಮಿ.ಮೀ., ಅದಕ್ಕೆ ಅಡ್ಡ ದಿಕ್ಕಿಗೆ 3 ಮಿ.ಮೀ., ಕಂಬಗಳ ನಡುವಿನ ಓರೆಪಟ್ಟಿಗೆ 10 ಮಿ.ಮೀ. ಇದರ ಎರಡರಷ್ಟು ದಾಟಿದ್ದರೆ ಕೂಡಲೇ ಆ ಭಾಗ ಖಾಲಿ ಮಾಡಿಸಿ. ಬಾಗಿದ ಕಂಬವನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿ ಬಣ್ಣ ಬಳಿಯುವುದು ರಿಪೇರಿಯಲ್ಲ.

ಬ್ರೇಕ್ ರೋಲರ್‌ಗೆ ಎಣ್ಣೆ, ಗ್ರೀಸ್ ಸೋಕಿಸಬೇಡಿ. ಒಣ ಬಟ್ಟೆಯಲ್ಲಿ ಒರೆಸಿ. ಕೊನೆಗೆ ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು, ನೀವು ಹೇರುವ ಅತಿ ಹಗುರ ಪ್ಯಾಲೆಟ್ ಒಮ್ಮೆ, ಅತಿ ಭಾರದ್ದು ಒಮ್ಮೆ ಬಿಟ್ಟು ನೋಡಿ, ಮುಂತುದಿಯಲ್ಲಿ ಯಾರೂ ಇಲ್ಲದಾಗ. 12 ಮೀಟರ್ ಇಳಿಯಲು 40 ಸೆಕೆಂಡ್ ಆಸುಪಾಸು ಹಿಡಿಯಬೇಕು. ಭಾರದ್ದು 20 ಸೆಕೆಂಡಿಗೇ ಬಂದು ನಿಂತರೆ ಬ್ರೇಕ್ ಸವೆದಿದೆ, ಆ ಲೇನ್‌ಗೆ ಬೀಗ ಹಾಕಿ.