ಒಂದು ಲ್ಯಾಪ್‌ಟಾಪ್‌ನಿಂದ ಮನೆಗೆಲ್ಲ ನೆಟ್ ಹಂಚುವುದು ಹೇಗೆ?

ಮೂಡಿಗೆರೆ, ಕೊಪ್ಪ ಕಡೆಯ ತೋಟದ ಮನೆಗಳಲ್ಲಿ ಇದು ಮಾಮೂಲಿ. ಸಿಗ್ನಲ್ ಸಿಗುವುದು ಉಪ್ಪರಿಗೆಯ ಕಿಟಕಿ ಹತ್ತಿರ ಮಾತ್ರ. ಫೋನಿನ ಹಾಟ್‌ಸ್ಪಾಟ್ ಹಾಕಿದರೂ ಆ ದಪ್ಪ ಗೋಡೆ ದಾಟಿ ಜಗಲಿವರೆಗೆ ಬರುವುದಿಲ್ಲ. ಇದಕ್ಕೆ ದುಡ್ಡು ಸುರಿಯಬೇಕಿಲ್ಲ, ಒಂದು ಲ್ಯಾಪ್‌ಟಾಪ್, ಮೂಲೆಗೆ ಬಿದ್ದಿರುವ ಹಳೇ ವೈಫೈ ರೂಟರ್, ಉದ್ದದ ಲ್ಯಾನ್ ಕೇಬಲ್ ಇದ್ದರೆ ಸಾಕು. ಡೆಸ್ಕ್‌ಟಾಪ್ ಆದರೂ ನಡೆಯುತ್ತದೆ, ಆದರೆ ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ವಾ, ಬ್ಯಾಟರಿ ಇರುವುದೇ ವಾಸಿ.

ಮೊದಲು ಫೋನನ್ನು ಕಿಟಕಿ ಹತ್ತಿರ ಇಟ್ಟು ಡೇಟಾ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್‌ನಲ್ಲಿ ಕೊಡುವ ಆಯ್ಕೆ) ಆನ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ನೆಟ್ ಬಂತಾ ನೋಡಿ. ಬರದಿದ್ದರೆ ಮುಂದೆ ಹೋಗಬೇಡಿ.

ಆಮೇಲೆ ಕೆಳಗೆ ಜಗಲಿ ಕಡೆ ಇಡುವ ರೂಟರ್. ಹೆಚ್ಚಿನವರು ಎಡವುವುದು ಇಲ್ಲೇ. ಲ್ಯಾಪ್‌ಟಾಪ್ ತಾನೇ ಎಲ್ಲರಿಗೂ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನದ ನಂಬರ್) ಕೊಡುತ್ತದೆ. ರೂಟರ್ ಕೂಡ ಕೊಡಲು ಹೊರಟರೆ ಕೆಲವು ಫೋನುಗಳಿಗೆ ನೆಟ್ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಹಾಗಾಗಿ ರೂಟರ್‌ನ ಸೆಟ್ಟಿಂಗ್ ಪುಟ ತೆರೆದು ಅದರ ವಿಳಾಸವನ್ನು 192.168.137.2 ಮಾಡಿ, ಡಿಎಚ್‌ಸಿಪಿ (ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ. ಲ್ಯಾಪ್‌ಟಾಪ್‌ನಿಂದ ಬಂದ ಕೇಬಲ್ಲನ್ನು ಹೊರಗಿನ ನೆಟ್‌ಗೆಂದು ಇರುವ ಬೇರೆ ಬಣ್ಣದ ವ್ಯಾನ್ ಪೋರ್ಟ್‌ಗಲ್ಲ, ಲ್ಯಾನ್ ಪೋರ್ಟ್‌ಗೆ ಹಾಕಿ. ರೂಟರ್ ಸೆಟ್ಟಿಂಗ್ ಬದಲಿಸದೆ ವ್ಯಾನ್‌ಗೆ ಹಾಕಿದರೂ ನೆಟ್ ಬರಬಹುದು, ಆದರೆ ಆಗ ಕೆಳಗಿನ ವೈಫೈ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪ್‌ಗೆ ಕಾಣುವುದಿಲ್ಲ. ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು.

ಈಗ ವಿಂಡೋಸ್ ಕೀ ಜೊತೆ ಆರ್ ಒತ್ತಿ, ncpa.cpl ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ಫೋನಿನದೂ ಇರುತ್ತದೆ, ಲ್ಯಾನ್‌ನದೂ (ಈಥರ್ನೆಟ್ ಎಂಬ ಹೆಸರಿನಲ್ಲಿ) ಇರುತ್ತದೆ. ಫೋನಿನದರ ಕೆಳಗೆ ಸಾಮಾನ್ಯವಾಗಿ ರಿಮೋಟ್ ಎನ್‌ಡಿಐಎಸ್ (Remote NDIS) ಎಂದಿರುತ್ತದೆ. ಅದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್, ಮೊದಲ ಚೌಕಕ್ಕೆ ಟಿಕ್. ಕೆಳಗೆ ಯಾವುದಕ್ಕೆ ಹಂಚಬೇಕು ಎಂದು ಕೇಳಿದರೆ ಲ್ಯಾನ್ ಆರಿಸಿ. ನೆನಪಿಡಿ, ಟಿಕ್ ಹಾಕುವುದು ನೆಟ್ ಒಳಗೆ ಬರುವ ಕಡೆ, ಹೊರಗೆ ಹೋಗುವ ಕಡೆ ಅಲ್ಲ. ಓಕೆ ಒತ್ತಿದ ಕೂಡಲೇ ಲ್ಯಾನ್‌ಗೆ 192.168.137.1 ವಿಳಾಸ ಬರುತ್ತದೆ. ಜಗಲಿಯಲ್ಲಿ ಕೂತವರ ಫೋನಿಗೆ ವೈಫೈನಲ್ಲಿ ನೆಟ್ ಬರಬೇಕು.

ಈ ಸೌಲಭ್ಯ ಹೊಸದೇನಲ್ಲ, 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲೇ ಇತ್ತು. ವಿಂಡೋಸ್ ಬದಲು ಉಬುಂಟು ಇದ್ದರೆ ಕೆಲಸ ಇನ್ನೂ ಸುಲಭ: ಲ್ಯಾನ್ ಸೆಟ್ಟಿಂಗ್‌ನ ಐಪಿವಿ4 ಭಾಗದಲ್ಲಿ ಬೇರೆ ಕಂಪ್ಯೂಟರ್‌ಗಳಿಗೆ ಹಂಚುವ ಆಯ್ಕೆ ಒತ್ತಿದರೆ ಮುಗಿಯಿತು. ಅಲ್ಲಿ ವಿಳಾಸ ಮಾತ್ರ ಬೇರೆ, 10.42.0.1, ಅದಕ್ಕೆ ತಕ್ಕಂತೆ ರೂಟರ್‌ಗೆ 10.42.0.2 ಕೊಡಿ.

ಲ್ಯಾಪ್‌ಟಾಪ್ ಮಲಗಿದರೆ ಮನೆಗೆಲ್ಲ ನೆಟ್ ಬಂದ್, ಹಾಗಾಗಿ ಸ್ಲೀಪ್ ಆಫ್ ಮಾಡಿಡಿ. ವಿಂಡೋಸ್ ರೀಸ್ಟಾರ್ಟ್ ಆದ ಮೇಲೆ ಕೆಲವೊಮ್ಮೆ ಹಂಚಿಕೆ ಸುಮ್ನೆ ನಿಂತುಬಿಡುತ್ತದೆ, ಆ ಟಿಕ್ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ. ಗುಡುಗು ಶುರುವಾಗುವ ಮೊದಲೇ ಕೇಬಲ್ಲನ್ನು ಎರಡೂ ತುದಿಯಲ್ಲಿ ಕಿತ್ತಿಡಿ, ಅಂಗಳ ದಾಟಿ ಎಳೆದಿದ್ದರಂತೂ ಖಂಡಿತ. ಇನ್ನು ಡೇಟಾ ಫೋನಿನದೇ ಆದ್ದರಿಂದ ಪ್ರತಿ ಕಂಪ್ಯೂಟರ್‌ನಲ್ಲೂ ಮೀಟರ್ಡ್ ಕನೆಕ್ಷನ್ (ಡೇಟಾಗೆ ಮಿತಿ ಇದೆ ಎಂದು ವಿಂಡೋಸ್‌ಗೆ ತಿಳಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ಆ ದಿನದ ಡೇಟಾ ಪೂರ್ತಿ ನುಂಗಿರುತ್ತದೆ.