ಹಳೆಯ ಷೆವಿ ಪಿಕಪ್‌ಗೆ ಫೋರ್-ವೀಲ್ ಡ್ರೈವ್: ಬಿಡಿಭಾಗ ಎಲ್ಲಿಂದ ತೆಗೆಯಬೇಕು?

1973–87ರ ಷೆವ್ರೊಲೆ ಸಿ10 (ಟೂ-ವೀಲ್ ಡ್ರೈವ್ ಪಿಕಪ್) ಇದ್ದರೆ ಬಿಡಿಭಾಗ ತೆಗೆಯಲು ಅದೇ ಕಾಲದ ಫೋರ್-ವೀಲ್ ಡ್ರೈವ್ ಪಿಕಪ್ ಕೆ10 ಅಥವಾ ಫೋರ್-ವೀಲ್ ಡ್ರೈವ್ ಇರುವ ಬ್ಲೇಜರ್ ಒಂದನ್ನು ದಾನಿ ಗಾಡಿಯಾಗಿ ಇಡಿಯಾಗಿ ಕೊಳ್ಳಿ. ಬಿಡಿಬಿಡಿಯಾಗಿ ಕೂಡಿಸಿದರೆ ಖರ್ಚು ಜಾಸ್ತಿ. ಸ್ಟೀರಿಂಗ್ ಬಾಕ್ಸ್, ಕ್ರಾಸ್‌ಮೆಂಬರ್ (ಚಾಸಿಯ ಅಡ್ಡಪಟ್ಟಿ), ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಶಕ್ತಿ ಒಯ್ಯುವ ದಂಡ), ಲಿವರ್‌ಗಳು ಎಲ್ಲವೂ ಬೇಕಾಗುತ್ತವೆ. ಹಿಂದಿನ ಆಕ್ಸಲ್ಲನ್ನೂ ಬಿಡಬೇಡಿ. ಕೆ10ಗೆ ಆರು ಬೋಲ್ಟಿನ ಚಕ್ರ, ಸಿ10ಗೆ ಐದು. ಮುಂದೆ, ಹಿಂದೆ ಗೇರ್ ಅನುಪಾತವೂ ಒಂದೇ ಇರಲೇಬೇಕು. ಆಕ್ಸಲ್ ಮೇಲೆ ಅನುಪಾತ ಬರೆದ ತಗಡಿನ ಚೀಟಿ ನಂಬಬೇಡಿ, ಒಳಗಿನ ಗೇರುಗಳ ಹಲ್ಲು ಎಣಿಸಿ.

ಟ್ರಾನ್ಸ್‌ಫರ್ ಕೇಸ್‌ನಲ್ಲಿ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ನನ್ನ ಆಯ್ಕೆ ಎನ್‌ಪಿ205 ಎಂಬ ಮಾದರಿ. ಚೈನ್ ಇಲ್ಲ, ಪೂರ್ತಿ ಗೇರ್, ಎರಕದ ಕಬ್ಬಿಣದ ಮೈ. ಆದರೆ ಫೋರ್ಡಿನ 205 ಸುಮ್ನೆ ತರಬೇಡಿ. ಅದರ ಮುಂದಿನ ಶಾಫ್ಟ್ ಡ್ರೈವರ್ ಕಡೆ (ಅಮೆರಿಕದ ಗಾಡಿಯಲ್ಲಿ ಎಡಕ್ಕೆ) ಬರುತ್ತದೆ, ಷೆವಿಯ ಮುಂದಿನ ಡಿಫರೆನ್ಷಿಯಲ್ (ಆ ಶಾಫ್ಟ್ ಸೇರುವ, ಆಕ್ಸಲ್ ಮೇಲಿನ ಗೇರ್ ಗುಂಡು) ಇರುವುದು ಇನ್ನೊಂದು ಕಡೆ.

ದಾನಿ ಗಾಡಿಯ ಚಾಸಿ ತುಕ್ಕಿಲ್ಲದೆ ಗಟ್ಟಿಯಾಗಿದ್ದರೆ ನಿಮ್ಮ ಕ್ಯಾಬನ್ನೇ ಅದರ ಮೇಲೆ ಕೂರಿಸಿ. ವೆಲ್ಡಿಂಗ್ ಕೆಲಸ ಎಷ್ಟೋ ಉಳಿಯುತ್ತದೆ.